ಲಿಫ್ಟ್ ಕಣ್ಣು ಬಿಡುವ ಹೊತ್ತು

ಆಸ್ಪತ್ರೆಯ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕದಲ್ಲಿ, ಒಂದು ಸಣ್ಣ ಕೋಣೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಒಳಗೆ ಲಿಫ್ಟಿನ ಮೋಟಾರು, ಗ್ರೀಸು ಮೆತ್ತಿದ ಉಕ್ಕಿನ ಹಗ್ಗಗಳು, ಗೋಡೆಯ ಮೇಲೆ ಬಾಗಿಲು ತೆರೆದಿಟ್ಟ ಒಂದು ಕಬ್ಬಿಣದ ಪೆಟ್ಟಿಗೆ. ಪೆಟ್ಟಿಗೆಯ ಮುಂದೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಮುಖ್ಯ ಸ್ವಿಚ್ಚಿನ ಮೇಲೆ ಹೆಬ್ಬೆರಳಿಟ್ಟು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ನಿಂತಿದ್ದಾರೆ. ಸ್ವೆಟರಿನ ತೋಳು ಮೊಣಕೈವರೆಗೆ ಮಡಚಿದೆ. ಕನ್ನಡಕ ಹಣೆಗೇರಿದೆ.

"ಮಾಮ, ಎಲ್ಲಿದ್ದೀರಿ?"

"ಎರಡನೇ ಮಹಡಿಗೂ ಇಲ್ಲ, ಮೂರಕ್ಕೂ ಇಲ್ಲ. ಹೆಣ್ಣು ನೋಡೋಕೆ ಹೋಗಿ ಉತ್ತರ ಸಿಗದ ಗಂಡಿನ ಥರ ಮಧ್ಯದಲ್ಲಿ ನೇತಾಡ್ತಿದ್ದೀನಿ," ಎನ್ನುತ್ತದೆ ಫೋನು.

"ಕರೆಂಟು ತೆಗೀಲಾ?"

"ತೆಗಿ ತಾಯಿ. ಹೆಂಡ್ತಿಗೆ ಹೇಳಿಯೇ ಬಂದಿದ್ದೀನಿ."

ಹೆಬ್ಬೆರಳು ಕೆಳಗಿಳಿಯುತ್ತದೆ. ಟಕ್ಕೆಂದು ಮೋಟಾರಿನ ಗುಂಯ್‌ಗುಟ್ಟುವಿಕೆ ಕಡಿಯುತ್ತದೆ. ಅದರ ಬೆನ್ನಿಗೇ ಬ್ರೇಕು ಕಚ್ಚಿಕೊಂಡ ಸದ್ದು. ಪೆಟ್ಟಿಗೆಯೊಳಗಿನ ಹಸಿರು ದೀಪಗಳೆಲ್ಲ ಒಟ್ಟಿಗೇ ಕಣ್ಣು ಮುಚ್ಚುತ್ತವೆ. ಆಕೆ ತುಟಿಯಲ್ಲೇ ಏನನ್ನೋ ಎಣಿಸಿ ಸ್ವಿಚ್ಚನ್ನು ಮತ್ತೆ ಮೇಲೆತ್ತುತ್ತಾರೆ. ಒಂದು ದೀಪ ಮಿನುಗುತ್ತದೆ, ಆಮೇಲೆ ಇನ್ನೊಂದು. ಹಗ್ಗಗಳು ಆಮೆಯ ನಡೆಯಲ್ಲಿ ಸರಿಯತೊಡಗುತ್ತವೆ.

"ಮೂರಕ್ಕೆ ಬಂತು. ಬಾಗಿಲು ತೆರೀತು. ನಾನು ಇಳಿಯಲಾ?"

"ಇಳೀಬೇಡಿ. ಇನ್ನೊಂದ್ಸಲ."

ಫೋನಿನಲ್ಲಿ ನಿಟ್ಟುಸಿರು ಕೇಳುತ್ತದೆ. ಕತ್ತಲಿದ್ದಾಗ ಶುರುವಾದ ಈ ಆಟ ಆಗಲೇ ಎಷ್ಟೋ ಸಲ ನಡೆದಿದೆ. ಪ್ರತಿ ಸಲವೂ ಲಿಫ್ಟು ಹೇಳಿದ ಮಾತು ಕೇಳುವ ಮಗುವಿನಂತೆ ಮೂರನೇ ಮಹಡಿಗೆ ಬಂದು ಬಾಗಿಲು ತೆರೆದಿದೆ. ಆಕೆಯ ಮುಖದಲ್ಲಿ ಮಾತ್ರ ಸಮಾಧಾನವಿಲ್ಲ. ಎರಡು ದಿನದ ಹಿಂದೆ ಇದೇ ಲಿಫ್ಟು ಇದೇ ಜಾಗದಲ್ಲಿ ಕರೆಂಟು ಬಂದ ಮೇಲೂ ಎದ್ದಿರಲಿಲ್ಲ. ಒಳಗೆ ಒಬ್ಬ ಆಯಾ ಇದ್ದಳು.

ಲಿಫ್ಟಿನ ಬೋರ್ಡು ತಯಾರಿಸುವ ಪುಟ್ಟ ಕಂಪನಿಯೊಂದರಲ್ಲಿ ಕೆಲಸ ಮಾಡುವ ಈಕೆಯನ್ನು ಅಲ್ಲಿ ಎಲ್ಲರೂ ಕರೆಯುವುದು 'ಫ್ಯೂಸಕ್ಕ' ಎಂದು. ಅಕ್ಕ ಕಾಲಿಟ್ಟಲ್ಲಿ ಕರೆಂಟು ಹೋಗುತ್ತದೆ ಎಂಬ ಗೇಲಿಯಿಂದ ಹುಟ್ಟಿದ ಹೆಸರು. ಗೇಲಿ ಸವೆದು ಹೋಯಿತು, ಹೆಸರು ಉಳಿಯಿತು. ಒಳಗೆ ನೇತಾಡುತ್ತಿರುವವರು ಕಂಪನಿಯ ಹಿರಿಯ ಮೆಕ್ಯಾನಿಕ್, ಎಲ್ಲರ ಬಾಯಲ್ಲಿ 'ಲಿಫ್ಟ್ ಮಾಮ'. ಆತ ಹಗ್ಗ, ಬ್ರೇಕು, ಬಾಗಿಲು ನೋಡುತ್ತಾರೆ. ಈಕೆ ನೋಡುವುದು ಕಣ್ಣಿಗೆ ಕಾಣದ ಒಂದು ಕ್ಷಣವನ್ನು.

ಆ ಕ್ಷಣ ಯಾವುದೆಂದು ಅವರೇ ಹೇಳಲಿ. "ನೀವು ಬೆಳಗ್ಗೆ ಎಚ್ಚರ ಆದ ತಕ್ಷಣ ಎದ್ದು ಓಡಲ್ಲ, ಅಲ್ವಾ? ನಾನೆಲ್ಲಿದ್ದೀನಿ, ಇವತ್ತು ಯಾವ ವಾರ, ಕೈಕಾಲು ಸರಿಯಾಗಿದ್ಯಾ ಅಂತ ಒಂದು ಗಳಿಗೆ ನೋಡ್ಕೋತೀರಿ. ಆಮೇಲೆ ಕಾಲು ನೆಲಕ್ಕಿಡ್ತೀರಿ. ಆ ಒಂದು ಗಳಿಗೆ ನಂದು. ಕಾಲು ನೆಲಕ್ಕಿಟ್ಟ ಮೇಲೆ ಬೇರೆಯವರ ಕೆಲಸ."

ಲಿಫ್ಟನ್ನು ನಡೆಸುವುದು ಬೋರ್ಡಿನ ಮೇಲಿರುವ ಬೆರಳುಗುರಿನಷ್ಟು ಅಗಲದ ಒಂದು ಮೈಕ್ರೋಕಂಟ್ರೋಲರ್ ಚಿಪ್ಪು. ಕರೆಂಟು ಬಂದಾಗ ಅದರೊಳಗೆ ಎಲ್ಲಕ್ಕಿಂತ ಮೊದಲು ಏಳುವ ಪುಟ್ಟ ಪ್ರೋಗ್ರಾಮಿಗೆ ಬೂಟ್‌ಲೋಡರ್ ಎನ್ನುತ್ತಾರೆ. ಲಿಫ್ಟನ್ನು ಏರಿಸಿ ಇಳಿಸುವ ದೊಡ್ಡ ಪ್ರೋಗ್ರಾಮು ಕೆಡದೆ ಪೂರ್ತಿಯಾಗಿ ಇದೆಯೇ ಎಂದು ಇದು ತಡವಿ ನೋಡುತ್ತದೆ. ಇದ್ದರೆ 'ಇನ್ನು ನಿನ್ನದು' ಎಂದು ಅಧಿಕಾರ ಕೊಟ್ಟು ಪಕ್ಕಕ್ಕೆ ಸರಿಯುತ್ತದೆ. ರೆಪ್ಪೆ ಬಡಿಯುವುದರೊಳಗೆ ಮುಗಿಯುವ ಕೆಲಸ. ಸರಿಯಾಗಿ ನಡೆದರೆ ನಡೆದದ್ದೇ ಯಾರಿಗೂ ತಿಳಿಯುವುದಿಲ್ಲ. ತಿಳಿಯುವುದು ನಡೆಯದಿದ್ದಾಗ ಮಾತ್ರ.

"ಕರೆಂಟು ಹೇಳಿ ಕೇಳಿ ಹೊರಡೋ ನೆಂಟ ಅಲ್ಲ," ಎನ್ನುತ್ತಾರೆ ಫ್ಯೂಸಕ್ಕ. "ಬಾಗಿಲು ಅರ್ಧ ತೆರೆದಾಗ ಹೋಗತ್ತೆ, ಬಂದಂಗೆ ಮಾಡಿ ಮತ್ತೆ ಹೋಗತ್ತೆ. ಎದ್ದ ಕೂಡಲೇ ಚಿಪ್ಪು ತನ್ನನ್ನೇ ಕೇಳ್ಕೋಬೇಕು, ನಾನು ಯಾಕೆ ಬಿದ್ದೆ ಅಂತ. ಕರೆಂಟು ಹೋಗಿ ಬಿದ್ದೆನಾ, ಕಾವಲಿನವನು ತಟ್ಟಿ ಎಬ್ಬಿಸಿದನಾ? ಯಾಕೆ ಬಿದ್ದೆ ಅಂತ ಗೊತ್ತಿಲ್ದೇ ಎದ್ದೋನು ಮತ್ತೆ ಅಲ್ಲೇ ಬೀಳ್ತಾನೆ."

ಕಾವಲಿನವನೆಂದರೆ ಚಿಪ್ಪಿನೊಳಗೇ ಇರುವ ಒಂದು ಗಡಿಯಾರ. ಪ್ರೋಗ್ರಾಮು ಆಗಾಗ 'ಇದ್ದೀನಿ' ಎಂದು ಅದಕ್ಕೆ ಸದ್ದು ಕೊಡುತ್ತಿರಬೇಕು. ಸದ್ದು ನಿಂತರೆ ಅದು ಎಲ್ಲವನ್ನೂ ಒಂದೇ ಏಟಿಗೆ ಮೊದಲಿನಿಂದ ಶುರು ಮಾಡಿಸುತ್ತದೆ. ಅದೇ ರೀಸೆಟ್.

ಈ ಆಸ್ಪತ್ರೆಯಲ್ಲಿ ರೋಗಿಗಳ ಗಾಲಿಕುರ್ಚಿ ಹಿಡಿಸುವ ಲಿಫ್ಟು ಇದೊಂದೇ. ಡಯಾಲಿಸಿಸ್ ವಾರ್ಡು ಇರುವುದು ನಾಲ್ಕನೇ ಮಹಡಿಯಲ್ಲಿ. ಆಯಾ ಸಿಕ್ಕಿಬಿದ್ದ ದಿನದಿಂದ ಲಿಫ್ಟಿಗೆ ಹಗ್ಗ ಅಡ್ಡ ಕಟ್ಟಿದ್ದಾರೆ. ವಾರ್ಡಿನ ಕೆಲಸಗಾರರು ರೋಗಿಗಳನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲ ಮೇಲೆ ಹೊರುತ್ತಿದ್ದಾರೆ. ಮೊದಲ ತಂಡ ಬರುವುದು ಎಂಟು ಗಂಟೆಗೆ. ಅಷ್ಟರೊಳಗೆ ಫ್ಯೂಸಕ್ಕ 'ಹ್ಞೂಂ' ಅನ್ನಬೇಕು ಅಥವಾ 'ಉಹ್ಞೂಂ' ಅನ್ನಬೇಕು. ಹ್ಞೂಂ ಎಂದು ಮತ್ತೆ ಸಿಕ್ಕಿಬಿದ್ದರೆ ಒಳಗಿರುವವರು ಆಯಾ ಅಲ್ಲ, ಉಸಿರಿಗೆ ತಡಕಾಡುವ ರೋಗಿ. ಉಹ್ಞೂಂ ಎಂದರೆ ಮತ್ತೆ ಮೆಟ್ಟಿಲು.

ಎಂಟಕ್ಕೆ ಸ್ವಲ್ಪ ಮುಂಚೆ ಆಕೆ ಮೆಟ್ಟಿಲಿಳಿದು ಬರುತ್ತಿದ್ದಾಗ ಮೊದಲ ಕುರ್ಚಿ ಎದುರಾಗುತ್ತದೆ. ಹಿಂದಿಬ್ಬರು, ಮುಂದಿಬ್ಬರು. ಮುಂದಿನವರಲ್ಲಿ ಒಬ್ಬರು ಆಸ್ಪತ್ರೆಯ ಸೂಪರ್‌ವೈಸರ್, ಇಸ್ತ್ರಿ ಮಾಡಿದ ಅಂಗಿಯ ಬೆನ್ನು ಆಗಲೇ ಒದ್ದೆ. ಕುರ್ಚಿಯಲ್ಲಿರುವ ಮುದುಕ ನಿವೃತ್ತ ಡ್ರಾಯಿಂಗ್ ಮೇಷ್ಟರು. ತಿರುವಿನಲ್ಲಿ ಕುರ್ಚಿ ವಾಲಿದಾಗ ಅದರ ತೋಳನ್ನು ಬಿಗಿಯಾಗಿ ಹಿಡಿಯುತ್ತಾರೆ, ಆದರೆ ನಾಲಗೆ ಬಿಗಿಯುವುದಿಲ್ಲ. "ನೋಡಮ್ಮಾ, ಸಾಯೋಕೆ ಮುಂಚೆಯೇ ನಾಲ್ಕು ಜನ ಹೊರ್ತಿದ್ದಾರೆ. ಎಂಥಾ ಪುಣ್ಯ ನಂದು!"

ಹೊತ್ತವರು ನಗುತ್ತಾರೆ. ಫ್ಯೂಸಕ್ಕ ಗೋಡೆಗೆ ಒತ್ತಿ ನಿಂತು ದಾರಿ ಬಿಡುತ್ತಾರೆ, ನಗುವುದಿಲ್ಲ. ಮುದುಕರ ಕಣಕಾಲು ಊದಿ ಚಪ್ಪಲಿಯ ಪಟ್ಟಿ ಬಿಚ್ಚಿಕೊಂಡಿರುವುದು ಅವರ ಕಣ್ಣಿಗೆ ಬೀಳುತ್ತದೆ.

ಕುರ್ಚಿ ಇಳಿಸಿ ಬಂದ ಸೂಪರ್‌ವೈಸರ್ ಸೊಂಟ ಹಿಡಿದುಕೊಂಡೇ ಕೇಳುತ್ತಾರೆ. "ಏನ್ ಮೇಡಂ, ಆಯ್ತಾ?"

"ಬೆಳಗ್ಗಿಂದ ಒಂದ್ಸಲವೂ ತಪ್ಪಿಲ್ಲ."

"ಹಾಗಾದ್ರೆ ಶುರು ಮಾಡೋಣ?"

"ಬೇಡ."

"ತಪ್ಪಿಲ್ಲ ಅಂತೀರಿ, ಬೇಡ ಅಂತೀರಿ. ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ ಮಾತಾಡಬೇಡಿ. ನನ್ನ ಸೊಂಟ ನೋಡಿ, ನಿಮಗೆ ಕರುಣೆ ಇಲ್ವಾ?"

"ಆವತ್ತು ಯಾಕೆ ತಪ್ತು ಅಂತ ಗೊತ್ತಾಗೋವರೆಗೂ ಇವತ್ತು ಸರಿಯಾಗಿದೆ ಅನ್ನೋಕೆ ಬರಲ್ಲ ಸಾರ್. ಸೊಂಟಕ್ಕೆ ಬಿಸಿನೀರು ಹಾಕ್ಕೊಳ್ಳಿ."

ಇಂಥ ಹಟ ಇವರಿಗೆ ಹೊಸದಲ್ಲ. ಶಾಲೆ ಮುಗಿಸಿ ಮೊದಲು ಸೇರಿದ್ದು ಬಟ್ಟೆ ಒಗೆಯುವ ಯಂತ್ರಗಳ ಬೋರ್ಡಿಗೆ ಬೆಸುಗೆ ಹಾಕುವ ಕೆಲಸಕ್ಕೆ. ಕೆಟ್ಟವೆಂದು ಅಂಗಡಿಗಳಿಂದ ಹಿಂದಿರುಗಿದ ಬೋರ್ಡುಗಳು ಮೂಲೆಯಲ್ಲಿ ರಾಶಿ ಬಿದ್ದಿರುತ್ತಿದ್ದವು. ಬಹುಪಾಲು ಬೋರ್ಡುಗಳು ಇಲ್ಲಿ ಪ್ಲಗ್ ಹಾಕಿದ ಕೂಡಲೇ ಏನೂ ಆಗೇ ಇಲ್ಲವೆಂಬಂತೆ ಕೆಲಸ ಮಾಡುತ್ತಿದ್ದವು. 'ಗಿರಾಕಿಗೆ ಬಳಸೋಕೆ ಬರಲ್ಲ' ಎಂದು ಅವನ್ನು ಒರೆಸಿ ವಾಪಸು ಕಳಿಸುವುದು ಅಲ್ಲಿನ ರೂಢಿ. ಬೆಸುಗೆ ಹಾಕುವ ಹುಡುಗಿಗೆ ಅದು ಸರಿಯೆನಿಸಲಿಲ್ಲ. ಇಷ್ಟು ಮನೆಯವರಿಗೆ ಒಟ್ಟಿಗೇ ಬುದ್ಧಿ ಇಲ್ಲವಾಗಲು ಸಾಧ್ಯವೇ? ಸಂಜೆಯ ತರಗತಿಗೆ ಸೇರಿ ಡಿಪ್ಲೊಮಾ ಮುಗಿಸಿದರು. ಚಿಪ್ಪಿಗೆ ಬರೆಯುವುದನ್ನು ಕಲಿತರು. ಆ ಯಂತ್ರಗಳು ಕರೆಂಟು ಹೋದಾಗ ಅರ್ಧ ಬರೆದ ನೆನಪಿನೊಂದಿಗೆ ಸಾಯುತ್ತಿದ್ದವೆಂದು ಗೊತ್ತಾಗುವಷ್ಟರಲ್ಲಿ ಕಾರ್ಖಾನೆಯೇ ಮುಚ್ಚಿತ್ತು. ಅವರು ಲಿಫ್ಟಿನ ಕಂಪನಿಗೆ ಬಂದದ್ದು ಆಮೇಲೆ.

ಪತಿ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವುದು ಅವರಿಗೆ ಅಭ್ಯಾಸ. "ಮನೆಗೆ ಹೊಸ ಮಿಕ್ಸಿ ತಂದ್ರೆ ಬೇರೆಯವರು ಏನಾದ್ರೂ ರುಬ್ತಾರೆ. ಇವಳು ಪ್ಲಗ್ ಕಿತ್ತು ನೋಡ್ತಾಳೆ. ಹೊಲಿಗೆ ಮೆಷಿನ್ನಿಗೆ ಮೋಟಾರ್ ಹಾಕ್ಸು ಅಂತಾಳೆ, ನಾನು ಜಪ್ಪಯ್ಯ ಅಂದ್ರೂ ಹಾಕ್ಸಿಲ್ಲ. ಕಾಲಲ್ಲಿ ತುಳಿಯೋದಕ್ಕೆ ಪ್ಲಗ್ ಇಲ್ಲ ನೋಡಿ, ನೆಮ್ಮದಿ!"

ಅತ್ತೆಗೆ ಸೊಸೆಯ ಕೆಲಸ ಏನೆಂದು ಇಂದಿಗೂ ಬಗೆಹರಿದಿಲ್ಲ. ಅಕ್ಕಪಕ್ಕದವರಿಗೆ ಅವರು ಹೇಳುವುದು "ನಮ್ಮ ಸೊಸೆ ದೊಡ್ಡ ಆಸ್ಪತ್ರೇಲಿ ಲಿಫ್ಟ್ ಓಡಿಸ್ತಾಳೆ" ಎಂದು. ಸೊಸೆ ತಿದ್ದಲು ಹೋಗಿಲ್ಲ. "ಅಷ್ಟಾದ್ರೂ ಗೊತ್ತಿದೆಯಲ್ಲ," ಎಂದು ನಗುತ್ತಾರೆ. ಅತ್ತೆ ಮಾತ್ರ ಲಿಫ್ಟ್ ಹತ್ತುವುದಿಲ್ಲ. ಯಾಕೆಂದು ಕೇಳಿದರೆ, "ಅವಳೇ ಮನೇಲಿರುವಾಗ ಅದನ್ನ ಓಡಿಸೋರು ಯಾರು?"

ಸೂಪರ್‌ವೈಸರ್ ಜೊತೆ ಮಾತು ಮುಗಿದ ಮೇಲೆ ಫ್ಯೂಸಕ್ಕ ಆಯಾಳನ್ನು ಹುಡುಕಿಕೊಂಡು ಹೋಗುತ್ತಾರೆ. ನೆಲಮಹಡಿಯ ಕೊನೆಯಲ್ಲಿ ಒಗೆದ ಬಟ್ಟೆಯ ಕೋಣೆ. ಸೋಪಿನ ವಾಸನೆ, ಎದೆಮಟ್ಟದ ಬಿಳಿ ಚಾದರದ ರಾಶಿ. ನಲವತ್ತು ದಾಟಿದ, ಗಟ್ಟಿಮುಟ್ಟಾದ ಹೆಂಗಸು ಚಾದರ ಮಡಚುತ್ತಿದ್ದಾಳೆ. ಇವರನ್ನು ಕಂಡ ಕೂಡಲೇ ಅವಳ ಕೈ ನಿಲ್ಲುತ್ತದೆ.

"ನಾನೇನೂ ಒತ್ತಿಲ್ಲ ಮೇಡಂ."

"ಒತ್ತಿದ್ರಾ ಅಂತ ನಾನು ಕೇಳ್ಲೇ ಇಲ್ವಲ್ಲ."

"ಎಲ್ರೂ ಮೊದಲು ಕೇಳೋದು ಅದನ್ನೇ. ಕೇಳೋಕೆ ಮುಂಚೆ ಹೇಳಿಬಿಟ್ರೆ ಒಂದು ಮಾತು ಉಳಿಯತ್ತೆ."

ಅವಳ ಭಯಕ್ಕೆ ಕಾರಣವಿದೆ. ಲಿಫ್ಟಿನೊಳಗೆ ಕೆಂಪು ಅಕ್ಷರದ ಒಂದು ಫಲಕ ಇದೆ: ಗುಂಡಿಗಳನ್ನು ಪದೇ ಪದೇ ಒತ್ತಬಾರದು. ಒತ್ತಿ ಕೆಡಿಸಿದರೆಂದು ಹಿಂದೆ ಒಬ್ಬಳಿಗೆ ಎಲ್ಲರ ಮುಂದೆ ಬೈಗುಳ ಬಿದ್ದದ್ದನ್ನು ಇವಳು ಕಂಡಿದ್ದಾಳೆ.

ಫ್ಯೂಸಕ್ಕ ಮಾತು ಮುಂದುವರಿಸದೆ ಚಾದರದ ಎರಡು ತುದಿ ಹಿಡಿಯುತ್ತಾರೆ. ಇಬ್ಬರೂ ಎದುರುಬದುರು ನಿಂತು ಎಳೆದು, ಮಡಚಿ, ಹತ್ತಿರ ಬಂದು, ಮತ್ತೆ ದೂರ ಸರಿಯುತ್ತಾರೆ. ಕೆಲವು ಚಾದರ ಮುಗಿಯುವಷ್ಟರಲ್ಲಿ ಆಯಾಳ ಭುಜ ಸಡಿಲಾಗುತ್ತದೆ.

"ಕೊನೆಗೆ ಹೇಗೆ ಬಂತು ಲಿಫ್ಟು?"

"ದೇವರು ತಂದ. ಮತ್ತೇನು? ಕತ್ತಲಲ್ಲಿ ಗಳಿಗೆಯೂ ಯುಗ ಮೇಡಂ. ಜನರೇಟರ್ ಸದ್ದು ಕೇಳಿಸ್ತು, ಲೈಟು ಬರಬೇಕು, ಬರ್ಲಿಲ್ಲ. ಕೂಗಿದೆ, ಬಾಗಿಲು ಬಡಿದೆ. ದೇವರೇ ದೇವರೇ ಅಂದೆ, ಊಹೂಂ. ಆಮೇಲೆ ಸಾಕಾಗಿ, ಆದದ್ದಾಗ್ಲಿ ಅಂತ ನೆಲಕ್ಕೆ ಕೂತು ಮುಖ ಮುಚ್ಕೊಂಡು ಅತ್ತೆ. ಆವಾಗ ಜರುಗ್ತು ನೋಡಿ. ದೇವರಿಗೆ ಬಾಯಿ ಮಾತು ಸಾಲದು, ಕಣ್ಣೀರೇ ಬೇಕು."

ಚಾದರ ಅರ್ಧ ಮಡಚಿದಲ್ಲೇ ನಿಲ್ಲುತ್ತದೆ. "ಮುಖ ಮುಚ್ಕೊಂಡಿದ್ದು ಎರಡೂ ಕೈಯಲ್ಲಾ?"

"ಮತ್ತೆ? ಒಂದೇ ಕೈಯಲ್ಲಿ ಯಾರಾದ್ರೂ ಅಳ್ತಾರಾ?"

ಫ್ಯೂಸಕ್ಕ ಮುಂದಿನ ಪ್ರಶ್ನೆ ಕೇಳುವುದಿಲ್ಲ. ಅಳುವ ಮೊದಲು ಆ ಕೈಗಳು ಎಲ್ಲಿದ್ದವು ಎಂದು ಕೇಳಿದರೆ ಸಿಗುವ ಉತ್ತರ ಅವರಿಗೆ ಗೊತ್ತು. ಬಾಗಿಲು ದಾಟುವಾಗ ಅವರ ನಡೆ ಓಟವಾಗುತ್ತದೆ.

ಇಲ್ಲೊಂದು ರೂಢಿಯ ಬಗ್ಗೆ ಹೇಳಬೇಕು. ಪರೀಕ್ಷೆ ಮಾಡುವಾಗ ಒಂದು ಸಲಕ್ಕೆ ಒಂದೇ ಕೆಡುಕು ಎಂಬುದು ಇವರ ಕಸುಬಿನ ಕಟ್ಟುನಿಟ್ಟು. ಕರೆಂಟು ತೆಗೆಯುವುದಾದರೆ ಅದೊಂದನ್ನೇ ತೆಗೆಯಬೇಕು, ಬೇರೇನನ್ನೂ ಮುಟ್ಟಬಾರದು. ಮುಟ್ಟಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಅದಕ್ಕೇ ಲಿಫ್ಟ್ ಮಾಮ ಒಳಗೆ ಸದಾ ಕೈಕಟ್ಟಿ ನಿಲ್ಲುತ್ತಾರೆ. ಹಾಗೆ ನಿಲ್ಲಲು ಕಲಿಸಿದವರು ಫ್ಯೂಸಕ್ಕನೇ. ವರ್ಷಗಟ್ಟಲೆ, ನೂರಾರು ಲಿಫ್ಟುಗಳಲ್ಲಿ, ಕತ್ತಲಾದಾಗಲೆಲ್ಲ ಒಳಗೆ ಒಬ್ಬ ಧೈರ್ಯವಂತ ಕೈಕಟ್ಟಿ ನಿಂತಿದ್ದ. ಸ್ವಿಚ್ಚಿನ ಮೇಲೆ ಬೆರಳಿಟ್ಟ ಇವರು ಒಮ್ಮೆಯೂ ಒಳಗೆ ನಿಂತಿರಲಿಲ್ಲ.

"ಮಾಮ, ಈ ಸಲ ನಾನು ಒಳಗೆ. ನೀವು ಮೇಲೆ ಹೋಗಿ. ಯಾವಾಗ ತೆಗೀತೀರಿ ಅಂತ ಹೇಳಬೇಡಿ."

"ಅಳೋಕೆ ಕರವಸ್ತ್ರ ಇದೆಯಾ?"

"ಹೋಗಿ ಅಂದ್ರೆ ಹೋಗಿ."

ಬಾಗಿಲು ಮುಚ್ಚುತ್ತದೆ. ಉಕ್ಕಿನ ಗೋಡೆ, ಮಸುಕು ಕನ್ನಡಿ, ಗಾಲಿಕುರ್ಚಿ ತಾಗಿ ಗೀಚಿದ ಅಂಚು. ಲಿಫ್ಟು ಏರುತ್ತದೆ. ಎರಡನೇ ಮಹಡಿ ದಾಟುತ್ತದೆ. ಮಾಮ ಕರೆಂಟು ತೆಗೆಯುವುದು ಈಗಲೇ ಎಂದು ಕಾಯುವಾಗ ಏನೂ ಆಗುವುದಿಲ್ಲ. ಕಾಯುವುದನ್ನು ಬಿಟ್ಟಾಗ ಎಲ್ಲ ಆರಿ ಹೋಗುತ್ತದೆ.

ಕಾಲಡಿಯ ನೆಲ ಒಮ್ಮೆ ಜಗ್ಗುತ್ತದೆ. ಫ್ಯಾನು ನಿಲ್ಲುತ್ತದೆ. ಕರೆಂಟು ಹೋದರೆ ಬ್ರೇಕು ತಾನಾಗಿ ಹಿಡಿಯುತ್ತದೆ, ಲಿಫ್ಟು ಬೀಳುವುದಿಲ್ಲ. ಇದನ್ನು ಅವರು ಎಷ್ಟು ಜನಕ್ಕೆ ಹೇಳಿ ಧೈರ್ಯ ತುಂಬಿಲ್ಲ! ಆದರೂ ಕತ್ತಲಲ್ಲಿ ಅವರ ಗಮನಕ್ಕೆ ಬರುವ ಮೊದಲೇ ಅವರ ಬಲಗೈ ಗುಂಡಿಗಳ ಮೇಲಿದೆ. ಒತ್ತುತ್ತಿದೆ. ಮತ್ತೆ ಮತ್ತೆ ಒತ್ತುತ್ತಿದೆ.

"ಮೊದಲ ಸಲ ಒತ್ತಿದ್ದು ಹೆದರಿಕೆಗೆ," ಎಂದು ಆಮೇಲೆ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. "ಆಮೇಲೆ ಒತ್ತಿದ್ದು ಕೆಲಸಕ್ಕೆ."

ಮಾಮ ಸ್ವಿಚ್ಚು ಎತ್ತಿದ್ದಾರೆ, ಮೇಲಿನಿಂದ ಸದ್ದು ಕೇಳಿದೆ. ಗುಂಡಿಗಳ ಪಕ್ಕದ ಪುಟ್ಟ ದೀಪ ಮಿನುಗುತ್ತದೆ, ಆರುತ್ತದೆ. ಮತ್ತೆ ಮಿನುಗುತ್ತದೆ, ಆರುತ್ತದೆ. ಚಿಪ್ಪು ಏಳುತ್ತಿದೆ, ಬೀಳುತ್ತಿದೆ. ಕೈ ಒತ್ತುತ್ತಲೇ ಇದೆ, ಲಿಫ್ಟು ಏಳುತ್ತಿಲ್ಲ. ಅವರು ಎರಡೂ ಕೈಯನ್ನು ಎತ್ತಿ ಮುಖದ ಮೇಲಿಟ್ಟುಕೊಳ್ಳುತ್ತಾರೆ.

ದೀಪ ಮಿನುಗುತ್ತದೆ. ಈ ಸಲ ಆರುವುದಿಲ್ಲ. ನೆಲ ಮೆಲ್ಲಗೆ ಜರುಗುತ್ತದೆ.

ಬಾಗಿಲು ತೆರೆಯುತ್ತದೆ. ನೇರವಾಗಿ ಬಟ್ಟೆಯ ಕೋಣೆಗೆ ಹೋಗುತ್ತಾರೆ.

"ನಾನೂ ಒತ್ತಿದೆ," ಎನ್ನುತ್ತಾರೆ ಆಯಾಳಿಗೆ.

"ನೀವಾ! ಲಿಫ್ಟು ಮಾಡಿದೋರೇ?"

"ಕೈ ಕೇಳಬೇಕಲ್ಲ ನನ್ನ ಮಾತು."

ಆಯಾ ಬಾಗಿಲ ಕಡೆಗೊಮ್ಮೆ ನೋಡಿ ದನಿ ತಗ್ಗಿಸುತ್ತಾಳೆ. "ನಾನು ಎಲ್ಲಾನೂ ಒತ್ತಿದೆ ಮೇಡಂ. ಒಂದರಿಂದ ನಾಲ್ಕರ ತನಕ ಒತ್ತಿದೆ. ಗಂಟೇದು ಒತ್ತಿದೆ. ಕೊನೆಗೆ ಯಾವುದೂ ಸಿಗ್ದೆ ಫ್ಯಾನಿಂದೂ ಒತ್ತಿದೆ." ಹೇಳಿದ ಮೇಲೆ ಅವಳಿಗೇ ನಗು ತಡೆಯುವುದಿಲ್ಲ. ಇಬ್ಬರೂ ಚಾದರದ ರಾಶಿಗೆ ಒರಗಿ ಕಣ್ಣಲ್ಲಿ ನೀರು ಬರುವ ತನಕ ನಗುತ್ತಾರೆ.

ಸೂಪರ್‌ವೈಸರ್ ಸಂಗತಿ ಕೇಳಿದ ಕೂಡಲೇ ಹೇಳುವುದು, "ಅಲ್ಲಿಗೆ ತಪ್ಪು ಅವಳದೇ ಆಯ್ತಲ್ಲ! ಬೋರ್ಡ್ ಹಾಕಿದ್ದೀವಿ, ಓದೋಕೆ ಏನು ಕಷ್ಟ?"

"ಕತ್ತಲಲ್ಲಿ ಓದೋದು ಹೇಗೆ ಸಾರ್?" ಎನ್ನುತ್ತಾರೆ ಫ್ಯೂಸಕ್ಕ. "ಹೆದರಿದೋರು ಒತ್ತದೇ ಇರ್ತಾರಾ? ನೀವು ಒತ್ತಬೇಡಿ ಅಂತ ನಾನು ಹೇಳಿದ್ರೆ, ಕುಣಿಯೋಕೆ ಬರದವಳು ನೆಲ ಡೊಂಕು ಅಂದಂಗೆ. ತಪ್ಪು ನಂದು. ಇನ್ನೊಂದು ದಿನ ಕೊಡಿ."

ಸೂಪರ್‌ವೈಸರ್ ಸೊಂಟ ನೀವಿಕೊಳ್ಳುತ್ತಾರೆ. ಮೆಟ್ಟಿಲ ಕಡೆ ನೋಡುತ್ತಾರೆ. "ಒಂದೇ ದಿನ," ಎನ್ನುತ್ತಾರೆ.

ಆದದ್ದೇನೆಂದು ಫ್ಯೂಸಕ್ಕ ಆಸ್ಪತ್ರೆಯ ಮಾತಿನಲ್ಲೇ ಬಿಡಿಸಿ ಹೇಳುತ್ತಾರೆ. "ರಾತ್ರಿ ಪಾಳಿ ನರ್ಸು ಹೊರಡ್ತಾಳೆ, ಬೆಳಗಿನವಳು ಬರ್ತಾಳೆ. ಇವಳು ಕುರ್ಚಿಯಿಂದ ಎದ್ದು ಅವಳು ಕೂರೋ ಮಧ್ಯೆ ಫೋನು ಹೊಡ್ಕೊಂಡ್ರೆ? ಎತ್ತೋರಿಲ್ಲ. ನನ್ನ ಬೂಟ್‌ಲೋಡರ್ ಹೋಗುವಾಗ ಫೋನು ಬಾಯಿ ಮುಚ್ಚಿಸ್ದೇ ಹೋಗ್ತಿತ್ತು."

ಗುಂಡಿ ಒತ್ತಿದಾಗ ಚಿಪ್ಪಿಗೆ ಹೋಗುವ ಕರೆಯನ್ನು ಇಂಟರಪ್ಟ್ ಎನ್ನುತ್ತಾರೆ. ಮಾಡುತ್ತಿರುವ ಕೆಲಸ ಬಿಟ್ಟು ಮೊದಲು ನನ್ನನ್ನು ನೋಡು ಎನ್ನುವ ಕರೆ ಅದು. ಯಾವ ಕರೆಗೆ ಯಾರು ಓಗೊಡಬೇಕೆಂಬ ವಿಳಾಸಗಳನ್ನು ಪ್ರತಿ ಪ್ರೋಗ್ರಾಮೂ ತನ್ನದೇ ಆಗಿ ಇಟ್ಟುಕೊಂಡಿರುತ್ತದೆ. ಹೊಸ ಪ್ರೋಗ್ರಾಮು ತುಂಬಲು ಬರುವ ಮೆಕ್ಯಾನಿಕ್ ಎರಡು ಗುಂಡಿ ಒತ್ತಿ ಹಿಡಿದರೆ ಬೂಟ್‌ಲೋಡರಿಗೆ ತಿಳಿಯಲೆಂದು ಫ್ಯೂಸಕ್ಕ ಗುಂಡಿಗಳ ಕರೆಯನ್ನು ಮೊದಲಿನಿಂದಲೇ ತೆರೆದಿಟ್ಟಿದ್ದರು. ಅಧಿಕಾರ ಕೈ ಬದಲಾಗುವ ಹೊತ್ತಿಗೆ ಬಿದ್ದ ಕರೆ, ದೊಡ್ಡ ಪ್ರೋಗ್ರಾಮು ತನ್ನ ವಿಳಾಸ ತುಂಬಿಕೊಳ್ಳುವ ಮೊದಲೇ ಅದರ ತಲೆಗೆ ಬಡಿಯುತ್ತಿತ್ತು. ಓಗೊಡಲು ಹೊರಟ ಚಿಪ್ಪು ಯಾರೂ ಇಲ್ಲದ ವಿಳಾಸಕ್ಕೆ ಹೋಗಿ ದಾರಿ ತಪ್ಪುತ್ತಿತ್ತು. ಸದ್ದಿಲ್ಲದ್ದನ್ನು ಕಂಡು ಕಾವಲಿನವನು ರೀಸೆಟ್ ಮಾಡುತ್ತಿದ್ದ. ಎದ್ದ ಮರುಕ್ಷಣ ಇನ್ನೊಂದು ಒತ್ತು. ಒಳಗಿನವರು ಹೆದರಿದಷ್ಟೂ ಲಿಫ್ಟು ಏಳುತ್ತಿರಲಿಲ್ಲ, ಲಿಫ್ಟು ಏಳದಷ್ಟೂ ಅವರು ಹೆದರುತ್ತಿದ್ದರು.

ಕಂಪನಿ ಇರುವುದು ಬಣ್ಣದಂಗಡಿಯೊಂದರ ಮಹಡಿಯ ಮೇಲೆ. ಉದ್ದದ ಮೇಜು, ಕಿಟಕಿಯ ಸಾಲಿನಲ್ಲಿ ಬೋರ್ಡುಗಳು, ಕೆಳಗಿನಿಂದ ಏರಿ ಬರುವ ಟರ್ಪೆಂಟೈನ್ ವಾಸನೆ. ಆ ಮಧ್ಯಾಹ್ನ ಫ್ಯೂಸಕ್ಕ ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು. ಈಗ ಬೂಟ್‌ಲೋಡರ್ ಕಿವಿ ಮುಚ್ಚಿಕೊಂಡೇ ಏಳುತ್ತದೆ. ಮೆಕ್ಯಾನಿಕ್ ಬಂದಿದ್ದಾನೆಯೇ ಎಂದು ತಾನೇ ಒಮ್ಮೆ ಗುಂಡಿಗಳತ್ತ ಇಣುಕಿ ನೋಡುತ್ತದೆ, ಕರೆಸಿಕೊಳ್ಳುವುದಿಲ್ಲ. ಹೊರಡುವಾಗ ಬಾಕಿ ಉಳಿದ ಕರೆಗಳನ್ನೆಲ್ಲ ಗುಡಿಸಿ ಹಾಕಿ ಹೊರಡುತ್ತದೆ. ದೊಡ್ಡ ಪ್ರೋಗ್ರಾಮು ಕುರ್ಚಿಯಲ್ಲಿ ಸರಿಯಾಗಿ ಕೂತು, ವಿಳಾಸ ತುಂಬಿಕೊಂಡ ಮೇಲೆಯೇ ಕಿವಿ ತೆರೆಯುತ್ತದೆ.

ಬರೆದು ಮುಗಿಸಿದ್ದನ್ನು ಪರೀಕ್ಷಿಸಲು ಹೆದರಿದ ಕೈಯೊಂದು ಬೇಕು. ಕೈಕಟ್ಟಿ ನಿಲ್ಲುವ ಮಾಮನಿಂದ ಅದು ಆಗದ ಮಾತು. ಅವರು ತೀರಾ ಹೊಂದಿಸಿಕೊಂಡು, ಲಯಬದ್ಧವಾಗಿ ಒತ್ತುತ್ತಾರೆ. "ಇದು ತಬಲಾ ಅಲ್ಲ ಮಾಮ," ಎಂದು ಫ್ಯೂಸಕ್ಕನಿಂದ ಗದರಿಸಿಕೊಳ್ಳುತ್ತಾರೆ. ಕೊನೆಗೆ ಫ್ಯೂಸಕ್ಕ ಹಳೆಯ ಟೇಬಲ್ ಫ್ಯಾನಿನ ರೆಕ್ಕೆ ಬಿಚ್ಚಿ, ಅದಕ್ಕೆ ಸೈಕಲ್ ಟ್ಯೂಬಿನ ಪಟ್ಟಿಗಳನ್ನು ಉದ್ದ ಗಿಡ್ಡವಾಗಿ ಕಟ್ಟಿ, ಗುಂಡಿಗಳ ಸಾಲಿನೆದುರು ನಿಲ್ಲಿಸುತ್ತಾರೆ. ಫ್ಯಾನು ತಿರುಗಿದರೆ ರಬ್ಬರು ಪಟಪಟನೆ ತಾಳವಿಲ್ಲದೆ ಬಡಿಯುತ್ತದೆ. ಅದರ ಎದುರು ಅವರು ಕರೆಂಟು ತೆಗೆಯುತ್ತಾರೆ, ಕೊಡುತ್ತಾರೆ, ತೆಗೆಯುತ್ತಾರೆ. ಕೊಟ್ಟಂತೆ ಮಾಡಿ ಕಿತ್ತುಕೊಳ್ಳುತ್ತಾರೆ.

ಸದ್ದಿಗೆ ಬೇಸತ್ತ ಕಂಪನಿಯ ಯಜಮಾನರು ಬಾಗಿಲಲ್ಲಿ ಬಂದು ನಿಲ್ಲುತ್ತಾರೆ. "ಏನಮ್ಮಾ ಇದು, ಯಾರಿಗೆ ಹೊಡೀತಿದ್ದೀಯ?"

"ನನಗೇ ಸಾರ್," ಎನ್ನುತ್ತಾರೆ ಫ್ಯೂಸಕ್ಕ, ಸ್ವಿಚ್ಚಿನಿಂದ ಬೆರಳೆತ್ತದೆ.

ಸಂಜೆ ಬಣ್ಣದಂಗಡಿ ಬಾಗಿಲು ಹಾಕುವವರೆಗೂ ಬೋರ್ಡು ಒಂದು ಸಲವೂ ದಾರಿ ತಪ್ಪುವುದಿಲ್ಲ.

ಮರುದಿನ ಬೆಳಗ್ಗೆ ಹೊಸ ಬೋರ್ಡು ಹಾಕಿ ಮಾಮ ತಾರಸಿಗೆ ಹೋಗಿದ್ದಾರೆ. ಲಿಫ್ಟಿನ ಬಾಗಿಲಲ್ಲಿ ಫ್ಯೂಸಕ್ಕ ನಿಂತಿರುವಾಗ ಹಿಂದಿನಿಂದ ಚಪ್ಪಲಿಯ ಸದ್ದು. ಆಯಾ. ಪಾಳಿ ಶುರುವಾಗುವುದಕ್ಕೆ ಇನ್ನೂ ಹೊತ್ತಿದೆ.

"ನಾನೂ ಬರ್ತೀನಿ."

"ಹೆದರಿಕೆ ಆಗಲ್ವಾ?"

"ಆಗತ್ತೆ. ಹೆದರೋರೇ ಬೇಕು ಅಂತ ಮಾಮ ಹೇಳಿದ್ರು. ನಿಮಗೆ ನನ್ನಷ್ಟು ಹೆದರೋಕೆ ಬರಲ್ಲ."

ಅವಳನ್ನು ಮತ್ತೆ ಆ ಪೆಟ್ಟಿಗೆಯೊಳಗೆ ಕರೆದುಕೊಂಡು ಹೋಗುವುದು ಸರಿಯೇ ಎಂಬ ಅಳುಕು ಫ್ಯೂಸಕ್ಕನ ಮುಖದಲ್ಲಿ ಕಾಣುತ್ತದೆ. ಆದರೆ ಆಯಾ ಆಗಲೇ ಒಳಗೆ ಹೋಗಿ ಗುಂಡಿಗಳ ಮುಂದೆ, ಜಗಳಕ್ಕೆ ನಿಂತವಳಂತೆ ಕಾಲು ಅಗಲಿಸಿ ನಿಂತಾಗಿದೆ. ಬಾಗಿಲು ಮುಚ್ಚುತ್ತದೆ. ಎರಡನೇ ಮಹಡಿ ದಾಟಿದ ಮೇಲೆ ಕತ್ತಲು. ಆಯಾಳ ಉಸಿರು ಸಿಕ್ಕಿಕೊಂಡ ಸದ್ದು, ಮರುಕ್ಷಣ ಎರಡೂ ಅಂಗೈ ಗುಂಡಿಗಳ ಮೇಲೆ ಧಬಧಬ. ಒಂದರಿಂದ ನಾಲ್ಕರ ತನಕ, ಗಂಟೆ, ಫ್ಯಾನು, ಬಿಟ್ಟಿದ್ದಿಲ್ಲ. ಮೇಲೆ ಸ್ವಿಚ್ಚಿನ ಟಕ್. 

ಪುಟ್ಟ ದೀಪ ಮಿನುಗುತ್ತದೆ. ನಿಲ್ಲುತ್ತದೆ. ಬೆಳಕು ಬರುತ್ತದೆ. ಆಯಾ ಇನ್ನೂ ಬಡಿಯುತ್ತಿರುವಾಗಲೇ ಲಿಫ್ಟು ಮೂರನೇ ಮಹಡಿಗೆ ಸರಿದು ಬಾಗಿಲು ತೆರೆಯುತ್ತದೆ.

ಆಯಾ ಕೈ ಇಳಿಸುತ್ತಾಳೆ. ಬೆವರು ಒರೆಸಿಕೊಂಡು ಗೆದ್ದವಳ ದನಿಯಲ್ಲಿ ಹೇಳುತ್ತಾಳೆ. "ನೋಡಿದ್ರಾ? ಗಟ್ಟಿಯಾಗಿ ಒತ್ತಿದ್ರೆ ಬರತ್ತೆ. ಆವತ್ತು ನಾನು ಮೆತ್ತಗೆ ಒತ್ತಿಬಿಟ್ಟೆ."

"ಇನ್ನೊಂದ್ಸಲ ಒತ್ತಿ ನೋಡೋಣ," ಎನ್ನುತ್ತಾರೆ ಫ್ಯೂಸಕ್ಕ. ಮತ್ತೆ ಒತ್ತುತ್ತಾರೆ. ಇಬ್ಬರೂ ಸೇರಿ, ಸರದಿಯಲ್ಲಿ, ಅಂಗೈ ಕೆಂಪಾಗುವವರೆಗೆ. ಎಂಟಕ್ಕೆ ಮುಂಚೆ ಸೂಪರ್‌ವೈಸರ್ ಬಂದು ನಿಲ್ಲುತ್ತಾರೆ. ಫ್ಯೂಸಕ್ಕ ತಾವೇ ಅಡ್ಡ ಕಟ್ಟಿದ ಹಗ್ಗ ಬಿಚ್ಚುತ್ತಾರೆ.

"ಹ್ಞೂಂ," ಎನ್ನುತ್ತಾರೆ.

ಮೊದಲು ಹತ್ತುವುದು ಡ್ರಾಯಿಂಗ್ ಮೇಷ್ಟರ ಕುರ್ಚಿ. ಆಯಾ ತಳ್ಳುತ್ತಾಳೆ. ಕರೆಂಟು ಹೋಗುವುದಿಲ್ಲ, ಏನೂ ಆಗುವುದಿಲ್ಲ, ಲಿಫ್ಟು ಲಿಫ್ಟಿನಂತೆ ಏರುತ್ತದೆ. ಬಾಗಿಲು ಮುಚ್ಚುವ ಮುಂಚೆ ಆಯಾ ಮುದುಕರಿಗೆ ಹೇಳಿಕೊಟ್ಟದ್ದು ಹೊರಗೆ ಕೇಳಿಸಿದೆ. "ಕತ್ತಲಾದ್ರೆ ಹೆದರಬೇಡಿ ಮೇಷ್ಟ್ರೇ. ಗುಂಡಿ ಗಟ್ಟಿಯಾಗಿ ಒತ್ತಿ, ಬಂದೇ ಬರತ್ತೆ. ನಾನು ಪರೀಕ್ಷೆ ಮಾಡಿದ್ದೀನಿ."

ತಾರಸಿಯಿಂದ ಇಳಿದು ಬಂದ ಲಿಫ್ಟ್ ಮಾಮ ಹಣೆ ಚಚ್ಚಿಕೊಳ್ಳುತ್ತಾರೆ. "ತಾಯಿ, ಅವಳು ಇಡೀ ಆಸ್ಪತ್ರೆಗೆ ಇದನ್ನೇ ಹೇಳಿಕೊಡ್ತಾಳೆ. ಒತ್ತಿದ್ದಕ್ಕೆ ಬರೋದಲ್ಲ ಅಂತ ನೀನಾದ್ರೂ ಹೇಳಬಾರದಾ? ನಿನ್ನ ಕೆಲಸ ಯಾರಿಗೆ ಗೊತ್ತಾಗತ್ತೆ ಹೀಗಾದ್ರೆ?"

ಫ್ಯೂಸಕ್ಕ ಬಾಗಿಲ ಮೇಲಿನ ಅಂಕಿಯನ್ನೇ ನೋಡುತ್ತಿದ್ದಾರೆ. ಎರಡು. ಮೂರು. ನಾಲ್ಕು ಬಂದು ನಿಂತ ಮೇಲೆ ಹಣೆಯ ಮೇಲಿದ್ದ ಕನ್ನಡಕವನ್ನು ಕಣ್ಣಿಗಿಳಿಸಿಕೊಳ್ಳುತ್ತಾರೆ.

"ಒತ್ತದೇ ಇದ್ರೂ ಬರತ್ತೆ ಮಾಮ, ಒತ್ತಿದ್ರೂ ಬರತ್ತೆ. ಒತ್ತಿದ್ರೆ ಅವರಿಗೆ ಧೈರ್ಯ ಬರತ್ತೆ. ಒತ್ತಲಿ ಬಿಡಿ."